ಕಡಲು ದಾಟುವ ಕೈಗಡಿಯಾರ: ಸದಾಶಿವ ಪೇಠದಿಂದ ಹೊರಟ ಹೊತ್ತಿನ ಚರಿತ್ರೆ

ಪರದೇಶಕ್ಕೆ ಹೊರಟವರು ಯಾವ ಕೈಗಡಿಯಾರವನ್ನು ಕಟ್ಟಿಕೊಂಡು ಹೋಗಬೇಕೆಂಬುದು ಇಂದು ಅಭಿರುಚಿಗೂ ಹಣಕ್ಕೂ ಸೇರಿದ ಪ್ರಶ್ನೆಯಾಗಿ ಕಾಣುತ್ತದೆ. ಆದರೆ ಪಶ್ಚಿಮ ಭಾರತದ ಮಧ್ಯಮವರ್ಗದ ಮಟ್ಟಿಗೆ, ಅದರಲ್ಲಿಯೂ ಪುಣೆಯಂಥ ವಿದ್ಯಾನಗರಿಯ ಮಟ್ಟಿಗೆ, ಕಳೆದ ಒಂದೂವರೆ ಶತಮಾನದಲ್ಲಿ ಈ ಆಯ್ಕೆಯನ್ನು ಅಭಿರುಚಿಗಿಂತ ಹೆಚ್ಚಾಗಿ ನಿರ್ಧರಿಸಿದ್ದು ಯಾರ ಸಮಯ ಪ್ರಮಾಣ ಎಂಬ ವಿವಾದ, ಬಂದರಿನ ಸುಂಕದ ಕಟ್ಟೆ ಮತ್ತು ಕೆಟ್ಟ ಗಡಿಯಾರವನ್ನು ಸರಿಪಡಿಸಬಲ್ಲ ಕೈಗಳ ಲಭ್ಯತೆ. ಸದಾಶಿವ ಪೇಠವನ್ನು ಈ ಚರಿತ್ರೆಯ ಕೇಂದ್ರವಾಗಿ ಹಿಡಿಯುವುದಕ್ಕೆ ಸಕಾರಣವಿದೆ. ಪೇಠವೆಂದರೆ ಪೇಶ್ವೆಗಳ ಕಾಲದಲ್ಲಿ ವಾಸಕ್ಕೂ ವ್ಯಾಪಾರಕ್ಕೂ ಗೊತ್ತುಮಾಡಿದ ನಗರದ ಒಂದು ವಿಭಾಗ. 1761ರ ಪಾಣಿಪತ್ತದ ಯುದ್ಧದಲ್ಲಿ ಮಡಿದ ಸದಾಶಿವರಾವ್ ಭಾವೂನ ಹೆಸರನ್ನು ಹೊತ್ತ ಈ ಪೇಠದಲ್ಲಿ ಶಾಸ್ತ್ರಿಗಳು, ಪಂಚಾಂಗಕರ್ತರು, ಶಿಕ್ಷಕರು, ವಕೀಲರು, ಪತ್ರಕರ್ತರು ಹತ್ತಿರ ಹತ್ತಿರದ ವಾಡೆಗಳಲ್ಲಿ ಬಾಳಿದರು. ವಿ. ಕಾ. ರಾಜವಾಡೆಯವರು 1910ರಲ್ಲಿ ಸ್ಥಾಪಿಸಿದ ಭಾರತ ಇತಿಹಾಸ ಸಂಶೋಧಕ ಮಂಡಳ ಇಲ್ಲಿದೆ, 1916ರಲ್ಲಿ ಆರಂಭವಾದ ಸರ್ ಪರಶುರಾಮಭಾವೂ ಕಾಲೇಜು ಇದರ ಅಂಚಿನ ತಿಲಕ ರಸ್ತೆಯಲ್ಲಿದೆ. ಕಡಲು ದಾಟುವುದು ಶಾಸ್ತ್ರಸಮ್ಮತವೇ ಎಂದು ಬಿರುಸಾಗಿ ವಾದಿಸಿದವರೂ, ಮೊದಮೊದಲು ಕಡಲು ದಾಟಿದವರೂ ಇದೇ ಓಣಿಗಳಲ್ಲಿ ಓಡಾಡಿದರು.

ಗಡಿಯಾರ ಬರುವ ಮೊದಲೇ ಈ ಜನಕ್ಕೆ ಹೊತ್ತನ್ನು ಊರಿನಿಂದ ಊರಿಗೆ ಒಯ್ಯುವ ವಿದ್ಯೆ ಗೊತ್ತಿತ್ತು, ಮತ್ತು ಆ ವಿದ್ಯೆಯನ್ನು ಬಿಟ್ಟು ಪ್ರಯಾಣದ ಗಡಿಯಾರದ ಕಥೆಯನ್ನು ಹೇಳಿದರೆ ಅದು ಅರ್ಧ ಕಥೆಯಾಗುತ್ತದೆ. ಸೂರ್ಯೋದಯದಿಂದ ಸೂರ್ಯೋದಯದವರೆಗಿನ ದಿನವನ್ನು ಅರವತ್ತು ಗಳಿಗೆಗಳಾಗಿ, ಒಂದೊಂದು ಗಳಿಗೆಯನ್ನು ಅರವತ್ತು ಪಳಗಳಾಗಿ ಭಾಗಿಸುವುದು ಪಂಚಾಂಗದ ಕ್ರಮ. ಇಂದಿನ ಲೆಕ್ಕದಲ್ಲಿ ಗಳಿಗೆಯೆಂದರೆ 24 ನಿಮಿಷ, ಪಳವೆಂದರೆ 24 ಸೆಕೆಂಡು. ತಳದಲ್ಲಿ ಸೂಜಿಮೊನೆಯಷ್ಟು ರಂಧ್ರವಿರುವ ತಾಮ್ರದ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗುವ ಅವಧಿಯನ್ನು ಒಂದು ಗಳಿಗೆಯೆಂದು ಎಣಿಸಿ, ಮದುವೆಯ ಮುಹೂರ್ತವನ್ನು ಸಾಧಿಸುತ್ತಿದ್ದರು. ಆದರೆ ಪಂಚಾಂಗದ ಗಣಿತಕ್ಕೆ ಆಧಾರವಾದ ಮಧ್ಯರೇಖೆ ಉಜ್ಜಯಿನಿಯ ಮೇಲೆ ಹಾದುಹೋಗುವುದರಿಂದ, ಆ ರೇಖೆಯ ಪೂರ್ವಕ್ಕೋ ಪಶ್ಚಿಮಕ್ಕೋ ಇರುವ ಊರಿನವರು ತಮ್ಮ ಅಂತರಕ್ಕೆ ತಕ್ಕಂತೆ ಕಾಲವನ್ನು ಕೂಡಿಸಬೇಕು ಅಥವಾ ಕಳೆಯಬೇಕು. ಈ ತಿದ್ದುಪಡಿಗೆ ದೇಶಾಂತರ ಸಂಸ್ಕಾರವೆಂದು ಹೆಸರು. ಪುಣೆ ಉಜ್ಜಯಿನಿಯಿಂದ ಸುಮಾರು ಎರಡು ಅಂಶಗಳಷ್ಟು (ಭೂಗೋಲದ ಸುತ್ತಳತೆಯ 360 ಭಾಗಗಳಲ್ಲಿ ಒಂದು ಅಂಶ) ಪಶ್ಚಿಮಕ್ಕಿರುವುದರಿಂದ ಅಲ್ಲಿಯ ಹೊತ್ತು ಉಜ್ಜಯಿನಿಗಿಂತ ಸುಮಾರು ಹತ್ತೊಂಬತ್ತು ಪಳ, ಅಂದರೆ ಏಳೂವರೆ ನಿಮಿಷಕ್ಕೂ ತುಸು ಹೆಚ್ಚು, ಹಿಂದಿರುತ್ತದೆ. ಧಾರವಾಡದ ಹೊತ್ತು ಮೂರು ನಿಮಿಷಗಳಷ್ಟು ಹಿಂದಿರುತ್ತದೆ. ವಿಮಾನವಿಳಿದ ಪ್ರಯಾಣಿಕನು ಇಂದು ಗಡಿಯಾರದ ಮುಳ್ಳು ತಿರುಗಿಸುವುದು ಇದೇ ದೇಶಾಂತರ ಸಂಸ್ಕಾರದ ಸ್ಥೂಲ ರೂಪ, ಮತ್ತು ಹಳೆಯ ಗಣಿತಜ್ಞರು ಅದನ್ನು ಅರ್ಧ ನಿಮಿಷಕ್ಕಿಂತ ಸೂಕ್ಷ್ಮವಾಗಿ ಮಾಡುತ್ತಿದ್ದರೆಂಬುದನ್ನು ಗೌರವದಿಂದ ನೆನೆಯಬೇಕು.

ಈ ಗಣಿತ ಹತ್ತೊಂಬತ್ತನೆಯ ಶತಮಾನದ ಪುಣೆಯಲ್ಲಿ ಜೀವಂತ ಚರ್ಚೆಯ ವಿಷಯವಾಗಿತ್ತು. ಕೆರೋ ಲಕ್ಷ್ಮಣ ಛತ್ರೆಯವರು ಪಾಶ್ಚಾತ್ಯ ವೇಧಗಳನ್ನು, ಅಂದರೆ ಆಕಾಶದ ಪ್ರತ್ಯಕ್ಷ ಅಳತೆಗಳನ್ನು, ಆಧರಿಸಿ ಪಟವರ್ಧನಿ ಪಂಚಾಂಗವನ್ನು ರೂಪಿಸಿದರು. ಅವರ ಶಿಷ್ಯರಾಗಿದ್ದ ಬಾಳ ಗಂಗಾಧರ ತಿಲಕರು ಪಂಚಾಂಗ ಸುಧಾರಣೆಯನ್ನು ಕೊನೆಯವರೆಗೂ ಎತ್ತಿಹಿಡಿದರು. ಶಂಕರ ಬಾಲಕೃಷ್ಣ ದೀಕ್ಷಿತರು ಭಾರತೀಯ ಜ್ಯೋತಿಶ್ಶಾಸ್ತ್ರದ ಬೃಹತ್ ಇತಿಹಾಸವನ್ನು 1896ರಲ್ಲಿ ಪ್ರಕಟಿಸಿದರು. ಕನ್ನಡನಾಡಿಗೂ ಇದರಲ್ಲಿ ಪಾಲಿದೆ, ಏಕೆಂದರೆ ಕೇತಕೀ ಪಂಚಾಂಗಕ್ಕೆ ಮೂಲಪುರುಷರಾದ ವೆಂಕಟೇಶ ಬಾಪೂಜಿ ಕೇತಕರರು ನರಗುಂದದಲ್ಲಿ ಹುಟ್ಟಿ ಬಾಗಲಕೋಟೆಯಲ್ಲಿ ಶಿಕ್ಷಕರಾಗಿದ್ದವರು. ಹೀಗೆ ಗಡಿಯಾರವು ಕಾಲದ ಅರಿವಿಲ್ಲದ ಊರಿಗೆ ಬಂದ ವಿದೇಶಿ ಉಪಕಾರವಲ್ಲ. ತನ್ನದೇ ಕಾಲವನ್ನು ಪಳಪಳವಾಗಿ ಅಳೆಯುತ್ತಿದ್ದ ಸಮಾಜದ ಕೈಗೆ ಅದು ಬಂತು, ಮತ್ತು ಅಲ್ಲಿ ಬಂದೊಡನೆ ಅದರ ಪ್ರಾಮಾಣ್ಯವೇ ಪ್ರಶ್ನೆಯಾಯಿತು.

ಯಂತ್ರದ ಗಡಿಯಾರಗಳು ದಕ್ಷಿಣ ಭಾರತದ ದರ್ಬಾರುಗಳಿಗೆ ಬಹುಮಾನಗಳಾಗಿಯೂ ಕುತೂಹಲದ ವಸ್ತುಗಳಾಗಿಯೂ ಹದಿನೆಂಟನೆಯ ಶತಮಾನದಲ್ಲಿ ಬಂದವು. ಅವುಗಳನ್ನು ಕೊಳ್ಳುವುದಲ್ಲ, ಇಲ್ಲಿಯೇ ಮಾಡಬೇಕು ಎಂದು ಯೋಚಿಸಿದವನು ಟೀಪು ಸುಲ್ತಾನ. 1788ರಲ್ಲಿ ಪ್ಯಾರಿಸ್ಸಿಗೆ ಹೋದ ಅವನ ರಾಯಭಾರಿಗಳು ಹದಿನಾರನೆಯ ಲೂಯಿಯಿಂದ ಬೇಡಿದ ಕುಶಲಕರ್ಮಿಗಳಲ್ಲಿ ಗಡಿಯಾರ ಮಾಡುವವರೂ ಇದ್ದರು. ಶ್ರೀರಂಗಪಟ್ಟಣದ ಆ ಕನಸು 1799ರಲ್ಲಿ ಮುಗಿಯಿತು, ಮತ್ತು ಕನ್ನಡನಾಡಿನಲ್ಲಿ ದೊಡ್ಡ ಪ್ರಮಾಣದಲ್ಲಿ ಕೈಗಡಿಯಾರ ತಯಾರಾಗುವುದಕ್ಕೆ ಮತ್ತೆ 160 ವರ್ಷಗಳಿಗಿಂತ ಹೆಚ್ಚು ಕಾಲ ಕಾಯಬೇಕಾಯಿತು. ನಡುವಣ ಅವಧಿಯಲ್ಲಿ ಭಾರತದ ಮಾರುಕಟ್ಟೆಯನ್ನು ಆಳಿದ್ದು ಇಂಗ್ಲೆಂಡಿನ, ಆಮೇಲೆ ಸ್ವಿಟ್ಜರ್ಲೆಂಡಿನ ಮಾಲು: ಫಾವ್ರ್-ಲ್ಯೂಬಾ ಕಂಪನಿ ಹತ್ತೊಂಬತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಮುಂಬಯಿಯಲ್ಲಿ ನೆಲೆಯೂರಿತು, 1886ರಲ್ಲಿ ಆರಂಭವಾದ ವೆಸ್ಟ್ ಎಂಡ್ ವಾಚ್ ಕಂಪನಿ ಮುಂಬಯಿ ಮತ್ತು ಕಲ್ಕತ್ತೆಗಳನ್ನು ಕೇಂದ್ರ ಮಾಡಿಕೊಂಡು, ಕುದುರೆ ಸವಾರನ ಹೆಸರನ್ನೇ ಹೊತ್ತ ‘ಸೊವಾರ್’ ಗಡಿಯಾರಗಳನ್ನು ಸೈನಿಕರಿಗೂ ಗುಮಾಸ್ತರಿಗೂ ಮಾರಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪುಣೆಯಿಂದ ವಿಲಾಯತಿಗೆ ಹೊರಟವನ ಕಿಸೆಯಲ್ಲಿ ಸರಪಣಿಯ ಗಡಿಯಾರವಿರುತ್ತಿತ್ತೇ ಹೊರತು ಮುಂಗೈಯಲ್ಲಿ ಏನೂ ಇರುತ್ತಿರಲಿಲ್ಲ, ಏಕೆಂದರೆ ಮುಂಗೈಗೆ ಕಟ್ಟುವ ಗಡಿಯಾರ ಆಗ ಯೂರೋಪಿನಲ್ಲಿಯೂ ಹೆಂಗಸರ ಆಭರಣವಾಗಿತ್ತು ಮತ್ತು ಅದನ್ನು ಗಂಡಸರ ವಸ್ತುವನ್ನಾಗಿ ಮಾಡಿದ್ದು ಕಂದಕಗಳಲ್ಲಿ ಎರಡೂ ಕೈಗಳಿಗೆ ಕೆಲಸವಿದ್ದ ಮೊದಲ ಮಹಾಯುದ್ಧದ ಸೈನಿಕರು. ಆ ಕಿಸೆಗಡಿಯಾರಕ್ಕೆ ತೊಡಕು ಆರಂಭವಾಗುತ್ತಿದ್ದುದು ಕಡಲ ಮೇಲಲ್ಲ, ಪುಣೆ ಮತ್ತು ಮುಂಬಯಿಗಳ ನಡುವೆ. ಸೂರ್ಯನನ್ನು ನೋಡಿ ಲೆಕ್ಕ ಹಾಕಿದರೆ ಪುಣೆಯ ಸ್ಥಾನೀಯ ಸಮಯ ಲಂಡನ್ನಿನ ಗ್ರಿನಿಚ್ ಸಮಯಕ್ಕಿಂತ 4 ಗಂಟೆ 55 ನಿಮಿಷ ಮುಂದು. ಮುಂಬಯಿಯದು 4 ಗಂಟೆ 51 ನಿಮಿಷ ಮುಂದು. ಆದರೆ ರೈಲುಗಳು 1870ರ ಸುಮಾರಿನಿಂದ ಅನುಸರಿಸುತ್ತಿದ್ದುದು ಮದ್ರಾಸ್ ವೇಧಶಾಲೆಯ ಸಮಯವನ್ನು, ಅದು 5 ಗಂಟೆ 21 ನಿಮಿಷ ಮುಂದು. ಆದ್ದರಿಂದ ಪುಣೆಯ ಸೂರ್ಯನಿಗೆ ಸರಿಹೊಂದಿಸಿದ ಗಡಿಯಾರವನ್ನು ನಂಬಿ ಸ್ಟೇಶನ್ನಿಗೆ ಹೋದವನಿಗೆ ಗಾಡಿ ಇಪ್ಪತ್ತಾರು ನಿಮಿಷ ಮುಂಚಿತವಾಗಿಯೇ ಹೊರಟುಹೋಗಿರುತ್ತಿತ್ತು, ಮತ್ತು ರೈಲಿನ ಸಮಯಕ್ಕೆ ತಿರುಗಿಸಿಕೊಂಡು ಘಟ್ಟ ಇಳಿದವನು ಮುಂಬಯಿಯ ಬಂದರಿನಲ್ಲಿ ಮತ್ತೆ ಅರ್ಧ ಗಂಟೆ ಹಿಂದಕ್ಕೆ ತಿರುಗಿಸಬೇಕಾಗುತ್ತಿತ್ತು. 1890ರ ಹೊತ್ತಿಗೆ ಸದರ್ನ್ ಮರಾಠಾ ರೈಲ್ವೆ ಬೆಳಗಾವಿ ಮಾರ್ಗವಾಗಿ ಪುಣೆಯನ್ನು ಮುಟ್ಟಿದ ಮೇಲೆ, ಸೂರ್ಯನ ಲೆಕ್ಕದಲ್ಲಿ ಗ್ರಿನಿಚ್ಚಿಗಿಂತ ಸರಿಯಾಗಿ ಐದು ಗಂಟೆ ಮುಂದಿರುವ ಧಾರವಾಡದ ಪ್ರಯಾಣಿಕರಿಗೂ ಇದೇ ಪಾಡಾಯಿತು.

ಈ ಗೊಂದಲವನ್ನು ಆಜ್ಞೆಯಿಂದ ಪರಿಹರಿಸಲು ಸರಕಾರ ಮಾಡಿದ ಯತ್ನಗಳು ಜನರಿಗೆ ರುಚಿಸಲಿಲ್ಲ. ಪುಣೆಯ ಕಾಲೇಜಿಗೆ ಹೆಸರು ಕೊಟ್ಟ ಗವರ್ನರ್ ಜೇಮ್ಸ್ ಫರ್ಗ್ಯುಸನ್ 1881ರಲ್ಲಿ ಮುಂಬಯಿಯ ಸರಕಾರಿ ಕಚೇರಿಗಳ ಮೇಲೆ ಮದ್ರಾಸ್ ಸಮಯವನ್ನು ಹೇರಿ, ವಿರೋಧ ಬಲವಾದಾಗ 1883ರಲ್ಲಿ ಅದನ್ನು ಕೈಬಿಡಬೇಕಾಯಿತು. ಗ್ರಿನಿಚ್ಚಿಗಿಂತ ಐದೂವರೆ ಗಂಟೆ ಮುಂದಿರುವ ಭಾರತೀಯ ಪ್ರಮಾಣ ಸಮಯ 1906ರ ಜನವರಿ 1ರಿಂದ ಜಾರಿಗೆ ಬಂದಾಗ, ವಂಗಭಂಗದಿಂದ, ಅಂದರೆ ಬಂಗಾಳದ ವಿಭಜನೆಯಿಂದ, ಜನ ಕೆರಳಿದ್ದ ಕಾಲದಲ್ಲಿ ಅದು ಪರಕೀಯ ಸರಕಾರದ ಮತ್ತೊಂದು ಹೇರಿಕೆಯಾಗಿ ಕಂಡಿತು. ಮುಂಬಯಿ ನಗರಸಭೆ ತನ್ನ ಹಳೆಯ ಸ್ಥಾನೀಯ ಸಮಯವನ್ನು 1955ರವರೆಗೂ ಬಿಡಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ಇಡೀ ದೇಶದ ಗಡಿಯಾರವನ್ನು ಇನ್ನೊಂದು ಗಂಟೆ ಮುಂದೂಡಿದ್ದನ್ನೂ ಸೇರಿಸಿಕೊಂಡರೆ, ದೀರ್ಘಾಯುಷ್ಯದ ಒಬ್ಬ ಪುಣೇಕರನು ಊರು ಬಿಟ್ಟು ಕದಲದೆಯೇ ನಾಲ್ಕು ಬಗೆಯ ಸಮಯಗಳಲ್ಲಿ ಬಾಳಿರಬಹುದು.

ಕಡಲಯಾನದ ವಾದವೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಆ ಕಾಲದ್ದೇ. ಕಲಿವರ್ಜ್ಯಗಳು, ಅಂದರೆ ಹಿಂದಿನ ಯುಗಗಳಲ್ಲಿ ಸಲ್ಲುತ್ತಿದ್ದು ಕಲಿಯುಗದಲ್ಲಿ ಸಲ್ಲದೆಂದು ಧರ್ಮಶಾಸ್ತ್ರಗಳು ಎಣಿಸಿದ ಆಚಾರಗಳು, ದ್ವಿಜರ ಸಮುದ್ರಯಾನವನ್ನೂ ಒಳಗೊಂಡಿದ್ದುದರಿಂದ, ಹೋಗಿ ಬಂದವರು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೇ ಎಂಬ ಪ್ರಶ್ನೆ ಮನೆಮನೆಯನ್ನೂ ಕಲಕಿತು. ಆನಂದೀಬಾಯಿ ಜೋಶಿಯವರು 1883ರಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿ ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದು ಮರಳಿ 1887ರ ಫೆಬ್ರವರಿಯಲ್ಲಿ ಪುಣೆಯಲ್ಲಿ ತೀರಿಕೊಂಡರು. ಗೋಪಾಲಕೃಷ್ಣ ಗೋಖಲೆಯವರು ಭಾರತದ ಸರಕಾರಿ ಖರ್ಚುವೆಚ್ಚವನ್ನು ಪರಿಶೀಲಿಸುತ್ತಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ಹೇಳಲು 1897ರಲ್ಲಿ ಮೊದಲ ಬಾರಿಗೆ ಇಂಗ್ಲೆಂಡಿಗೆ ಹೋದರು. ಸದಾಶಿವ ಪೇಠದ ಕುಮಠೇಕರ ರಸ್ತೆಯ ವಿಂಚೂರಕರ ವಾಡೆಯಲ್ಲಿ 1892ರಲ್ಲಿ ತಿಲಕರ ಅತಿಥಿಯಾಗಿದ್ದ ಸಂನ್ಯಾಸಿ ವಿವೇಕಾನಂದರು ಮರುವರ್ಷದ ಮೇ 31ರಂದು ಮುಂಬಯಿಯಿಂದ ಹೊರಟು ಜಪಾನಿನ ಮಾರ್ಗವಾಗಿ ಅಮೆರಿಕ ಸೇರಿದರು. ಆತಿಥ್ಯ ನೀಡಿದ ತಿಲಕರು ಸ್ವತಃ 1918ರಲ್ಲಿ ಇಂಗ್ಲೆಂಡಿಗೆ ಹೊರಟರು. ಪುಣೆಯಲ್ಲಿ ವಿಧವೆಯರ ವಿದ್ಯಾಭ್ಯಾಸಕ್ಕಾಗಿ ಬದುಕು ಸವೆಸಿದ ಧೋಂಡೋ ಕೇಶವ ಕರ್ವೆಯವರು ಎಪ್ಪತ್ತು ದಾಟಿದ ಮೇಲೆ, 1929ರಲ್ಲಿ, ಯೂರೋಪು, ಅಮೆರಿಕ, ಜಪಾನುಗಳ ದೀರ್ಘ ಯಾತ್ರೆ ಕೈಗೊಂಡರು.

ಹಡಗಿನ ಮೇಲೆ ಗಡಿಯಾರದ ಬದುಕು ಈಗಿನವರಿಗೆ ಊಹಿಸಲು ಕಷ್ಟವಾಗುವಷ್ಟು ಬೇರೆಯಾಗಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಮುಂಬಯಿಯಿಂದ ಲಂಡನ್ನಿಗೆ ಮೂರು ವಾರಗಳಷ್ಟರ ಪ್ರಯಾಣವಾಯಿತು, ಮತ್ತು ಹಡಗು ಪಶ್ಚಿಮಕ್ಕೆ ಸರಿದಂತೆ ದಿನವೂ ಸೂರ್ಯ ನೆತ್ತಿಗೆ ಬರುವ ಹೊತ್ತನ್ನು ನೋಡಿ ಹಡಗಿನ ಗಡಿಯಾರವನ್ನು ಹಿಂದಕ್ಕೆ ತಿದ್ದುತ್ತಿದ್ದುದರಿಂದ ಪ್ರಯಾಣಿಕರೂ ತಮ್ಮ ಗಡಿಯಾರಗಳನ್ನು ಸರಾಸರಿ ಕಾಲು ಗಂಟೆಯಷ್ಟು ಪ್ರತಿದಿನ ತಿರುಗಿಸುತ್ತಿದ್ದರು. ನಾವಿಕರು ಮಾತ್ರ ಗ್ರಿನಿಚ್ ಸಮಯವನ್ನು ತೋರುವ, ಮುಳ್ಳು ತಿರುಗಿಸದ ಕ್ರೋನೋಮೀಟರನ್ನು, ಅಂದರೆ ಹಡಗಿನ ಓಲಾಟಕ್ಕೂ ಸೆಕೆ ಚಳಿಗೂ ಜಗ್ಗದ ಸೂಕ್ಷ್ಮ ಗಡಿಯಾರವನ್ನು, ಪೆಟ್ಟಿಗೆಯಲ್ಲಿ ಕಾಪಾಡುತ್ತಿದ್ದರು. ಆ ಸಮಯಕ್ಕೂ ಸೂರ್ಯನ ಸಮಯಕ್ಕೂ ಇರುವ ಅಂತರವೇ ಹಡಗಿನ ದೇಶಾಂತರವನ್ನು ಹೇಳುತ್ತಿತ್ತು. ಉಜ್ಜಯಿನಿಯ ರೇಖೆಯಿಂದ ತಮ್ಮ ಊರಿನ ದೂರವನ್ನು ಕಾಲವಾಗಿ ಬದಲಿಸುತ್ತಿದ್ದ ಪಂಚಾಂಗಕರ್ತರೂ, ಕಾಲದ ಅಂತರದಿಂದ ದೂರವನ್ನು ತಿಳಿಯುತ್ತಿದ್ದ ನಾವಿಕರೂ ಒಂದೇ ಗಣಿತದ ಎರಡು ತುದಿಗಳಲ್ಲಿ ನಿಂತಿದ್ದರು. ವಿವೇಕಾನಂದರಂತೆ ಪೂರ್ವಕ್ಕೆ ಹೋದವರಿಗೆ ಗಡಿಯಾರ ದಿನದಿನವೂ ಮುಂದಕ್ಕೆ ಓಡಿ, ಶಾಂತ ಸಾಗರದ ನಡುವೆ ಒಂದೇ ತಾರೀಖು ಎರಡು ಬಾರಿ ಬರುತ್ತಿತ್ತು. ಸೂರ್ಯೋದಯ ಸೂರ್ಯಾಸ್ತಗಳಿಗೆ ಬದ್ಧವಾದ ಸಂಧ್ಯಾವಂದನೆಗೆ ಇದರಿಂದ ತೊಡಕೇ ಇರಲಿಲ್ಲ, ಏಕೆಂದರೆ ಅದು ಸೂರ್ಯನಿದ್ದಲ್ಲಿಯೇ ಸೂರ್ಯನನ್ನು ಅನುಸರಿಸುತ್ತದೆ. ತೊಡಕು ಇದ್ದದ್ದು ಮುಳ್ಳುಗಳಿಗೆ.

ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗೆ ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಆಗುವವರೆಗೆ, ಅನೇಕರಿಗೆ ಅದರ ನಂತರವೂ, ಪುಣೆಯೇ ಉಚ್ಚಶಿಕ್ಷಣದ ಊರು. ಆಲೂರು ವೆಂಕಟರಾಯರು, ದ. ರಾ. ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು. ಅದೇ ಕಾಲೇಜಿನಲ್ಲಿ ಪಾಠ ಹೇಳಿದ ವಿ. ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ 1938ರಲ್ಲಿ ಮರಳಿದರು, ಮತ್ತು ಅವರ ‘ಸಮುದ್ರ ಗೀತೆಗಳು’ ಆ ಕಡಲಯಾನದ ಫಲ. ಅವರ ತಲೆಮಾರಿಗೆ ಬರುವಷ್ಟರಲ್ಲಿ ಗಡಿಯಾರ ಕಿಸೆಯಿಂದ ಮುಂಗೈಗೆ ಏರಿತ್ತು. ಉಪ್ಪುಗಾಳಿಯೂ ತೇವವೂ ಒಳಹೊಕ್ಕು ಉಕ್ಕಿನ ಸ್ಪ್ರಿಂಗಿಗೆ ತುಕ್ಕು ಹಿಡಿಸುವುದನ್ನು ತಡೆಯಲು, 1926ರ ರೋಲೆಕ್ಸ್ ಆಯ್‌ಸ್ಟರಿನಿಂದ ಮೊದಲ್ಗೊಂಡು, ನೀರು ನುಗ್ಗದ ಕವಚಗಳು ಬಂದಿದ್ದವು. ಇಂಥ ಕವಚವೂ ಕತ್ತಲೆಯಲ್ಲಿ ಕಾಣುವ ಅಂಕಿಗಳೂ ಇರುವ ಗಟ್ಟಿ ಉಕ್ಕಿನ ಗಡಿಯಾರವೇ ಹಡಗಿನ ಪ್ರಯಾಣಕ್ಕೆ ಯೋಗ್ಯವಾದದ್ದು, ಬಂಗಾರದ್ದಲ್ಲ.

ಏರ್ ಇಂಡಿಯಾ 1948ರ ಜೂನ್ 8ರಂದು ಮುಂಬಯಿಯಿಂದ ಕೈರೋ, ಜಿನೀವಾಗಳ ಮಾರ್ಗವಾಗಿ ಲಂಡನ್ನಿಗೆ ತನ್ನ ಮೊದಲ ವಿಮಾನವನ್ನು ಹಾರಿಸಿದಾಗ, ಮೂರು ವಾರಗಳಲ್ಲಿ ಹಂತಹಂತವಾಗಿ ಕರಗುತ್ತಿದ್ದ ಗಂಟೆಗಟ್ಟಲೆಯ ಅಂತರ ಒಮ್ಮೆಗೇ ಮುಂಗೈಯ ಮೇಲೆ ಬಂದು ಬಿತ್ತು. ಎರಡು ದೇಶಗಳ ಸಮಯವನ್ನು ಒಟ್ಟಿಗೆ ತೋರುವ ಗಡಿಯಾರಗಳು ಈ ಅವಸರದಿಂದ ಹುಟ್ಟಿದವು: ಪ್ಯಾನ್ ಅಮೆರಿಕನ್ ಸಂಸ್ಥೆಯ ಪೈಲಟ್ಟುಗಳಿಗಾಗಿ ರೋಲೆಕ್ಸ್ 1955ರಲ್ಲಿ ತಂದ ಜಿಎಂಟಿ-ಮಾಸ್ಟರ್‌ನಲ್ಲಿ ದಿನಕ್ಕೊಮ್ಮೆ ಮಾತ್ರ ಸುತ್ತುವ ನಾಲ್ಕನೆಯ ಮುಳ್ಳೊಂದು ಹೊರಸುತ್ತಿನ 24 ಗಂಟೆಗಳ ಬಳೆಯ ಮೇಲೆ ಇನ್ನೊಂದು ಊರಿನ ಗಂಟೆಯನ್ನು ತೋರುತ್ತಿತ್ತು, ಅದಕ್ಕೂ ಮೊದಲು, 1930ರ ದಶಕದಲ್ಲಿ, ಜಿನೀವಾದ ಲೂಯಿ ಕೊತ್ತಿಯೇ ರೂಪಿಸಿದ ಯಂತ್ರದಲ್ಲಿ ನಗರಗಳ ಹೆಸರು ಬರೆದ ಬಿಲ್ಲೆ ಜಗತ್ತಿನ 24 ವಲಯಗಳನ್ನು ಒಂದೇ ಮುಖದ ಮೇಲೆ ತಂದಿತ್ತು. ಆದರೆ ಈ ಜಾಣ ಯಂತ್ರಗಳೆಲ್ಲವೂ ಪೂರ್ಣ ಗಂಟೆಗಳ ಲೆಕ್ಕದವು. ಭಾರತದ ಅರ್ಧ ಗಂಟೆ ಅವುಗಳಿಗೆ ಒಗ್ಗಲಿಲ್ಲ. ನಾಲ್ಕನೆಯ ಮುಳ್ಳು ಎರಡು ಅಂಕಿಗಳ ನಡುವೆ ತೂಗಾಡಬೇಕು, ಇಲ್ಲವೇ ನಿಮಿಷದ ಮುಳ್ಳನ್ನು ಮನಸ್ಸಿನಲ್ಲಿ ಅರ್ಧ ಸುತ್ತು ತಿರುಗಿಸಿ ಓದಬೇಕು. ಅಪಾರ ಬೆಲೆಯ ಪ್ರಯಾಣದ ಗಡಿಯಾರವೂ ಭಾರತೀಯ ಪ್ರಯಾಣಿಕನಿಗೆ ಅರ್ಧ ಮಾತ್ರ ಉಪಯೋಗಿಯಾಗಿತ್ತೆಂಬುದನ್ನು ಆ ಗಡಿಯಾರಗಳ ಜಾಹೀರಾತುಗಳು ಹೇಳಲಿಲ್ಲ.

ಅದೇ ಅರ್ಧ ಗಂಟೆ ಸಾಮಾನ್ಯ ಗಡಿಯಾರಕ್ಕೆ ಒಂದು ವರವನ್ನೂ ಕೊಟ್ಟಿತು, ಮತ್ತು ಅದನ್ನು ಕಂಡುಕೊಂಡ ಭಾರತೀಯ ಪ್ರಯಾಣಿಕರ ಬುದ್ಧಿಗೆ ತಲೆದೂಗಬೇಕು. ಭಾರತದ ಸಮಯ ತೋರುವ ಮುಳ್ಳಿನ ಗಡಿಯಾರವನ್ನು ಹನ್ನೆರಡರ ಅಂಕಿ ಕೆಳಗೆ ಬರುವಂತೆ ತಲೆಕೆಳಗು ಮಾಡಿ ಓದಿದರೆ ಗ್ರಿನಿಚ್ ಸಮಯ ಸಿಗುತ್ತದೆ. ಇಲ್ಲಿ ಮಧ್ಯಾಹ್ನ ಮೂರು ಗಂಟೆಯಾಗಿದ್ದರೆ ತಿರುಗಿಸಿದ ಗಡಿಯಾರದಲ್ಲಿ ಗಂಟೆಯ ಮುಳ್ಳು ಒಂಬತ್ತರ ಜಾಗದಲ್ಲಿ, ನಿಮಿಷದ ಮುಳ್ಳು ಆರರ ಜಾಗದಲ್ಲಿ ನಿಲ್ಲುತ್ತದೆ, ಲಂಡನ್ನಿನಲ್ಲಿ ಆಗ ಬೆಳಗಿನ ಒಂಬತ್ತೂವರೆ. ಅರ್ಧ ಸುತ್ತು ತಿರುಗಿಸಿದಾಗ ಗಂಟೆಯ ಮುಳ್ಳಿಗೆ ಆರು ಗಂಟೆ, ನಿಮಿಷದ ಮುಳ್ಳಿಗೆ ಮೂವತ್ತು ನಿಮಿಷ ಸರಿದಂತಾಗುವುದೇ ಇದರ ಮರ್ಮ. ಗಂಟೆಯ ಮುಳ್ಳು ಇರಬೇಕಾದ ಜಾಗಕ್ಕಿಂತ ಅರ್ಧ ಗಂಟೆಯಷ್ಟು ಹಿಂದೆ ಕಾಣುವುದನ್ನು ಗಮನದಲ್ಲಿಟ್ಟರೆ ಸಾಕು, ಮತ್ತು ಇಂಗ್ಲೆಂಡಿನ ಬೇಸಿಗೆಯಲ್ಲಿ ಒಂದು ಗಂಟೆಯನ್ನು ಕೂಡಿಸಿಕೊಳ್ಳಬೇಕು. ಅಂಕಿಗಳ ಬದಲು ಬರಿಯ ಗೀಟುಗಳಿರುವ ಮುಖದ ಗಡಿಯಾರದಲ್ಲಿ ಇದು ಇನ್ನೂ ಸುಲಭ. ಲಂಡನ್ನಿನಲ್ಲಿದ್ದುಕೊಂಡು ಊರಿನ ಸಮಯವನ್ನೇ ಮುಂಗೈಯಲ್ಲಿ ಇಟ್ಟುಕೊಳ್ಳಬಯಸುವವರಿಗೆ ಇದಕ್ಕಿಂತ ಅಗ್ಗವಾದ ಎರಡು ದೇಶಗಳ ಗಡಿಯಾರ ಬೇರೊಂದಿಲ್ಲ.

ಆ ಅಗ್ಗದ ಗಡಿಯಾರ ಬೆಂಗಳೂರಿನಿಂದ ಬಂತು. 1953ರಲ್ಲಿ ಯಂತ್ರೋಪಕರಣಗಳ ತಯಾರಿಕೆಗಾಗಿ ಸ್ಥಾಪಿತವಾದ ಹಿಂದುಸ್ತಾನ್ ಮೆಷಿನ್ ಟೂಲ್ಸ್, ಅಂದರೆ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆ ತೆರೆಯಿತು. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆಯಾಯಿತು. ಜನತಾ, ಪೈಲಟ್, ಜವಾನ್, ಕೊಹಿನೂರ್, ಹೆಂಗಸರಿಗೆ ಸುಜಾತಾ, ಕಣ್ಣು ಕಾಣದವರು ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಎಂಬ ಹೆಸರುಗಳು ಎರಡು ತಲೆಮಾರುಗಳಿಗೆ ಮನೆಮಾತಾದವು. ಪರೀಕ್ಷೆ ಪಾಸಾದ ಮಗನಿಗೆ, ಮದುವೆಯ ಅಳಿಯನಿಗೆ, ನಿವೃತ್ತನಾದ ಗುಮಾಸ್ತನಿಗೆ ಸಲ್ಲುವ ಉಡುಗೊರೆಗಳಾದವು. ಪ್ರತಿದಿನ ಬೆಳಿಗ್ಗೆ ಕೀಲಿ ಕೊಡಬೇಕಾದ, ಒಮ್ಮೆ ಕೊಟ್ಟರೆ ಒಂದೂವರೆ ದಿನದಷ್ಟು ನಡೆಯುವ ಈ ಗಡಿಯಾರಗಳು ಪ್ರಯಾಣಕ್ಕೆ ಒಪ್ಪುವಂಥವಾಗಿದ್ದವು, ಏಕೆಂದರೆ ಅವುಗಳಲ್ಲಿ ಬ್ಯಾಟರಿ ಮುಗಿಯುವ ಭಯವಿರಲಿಲ್ಲ, ಯಂತ್ರ ಸರಳವಾಗಿತ್ತು ಮತ್ತು ಮರಳಿ ಬಂದ ಮೇಲೆ ಪುಣೆಯ ಲಕ್ಷ್ಮೀ ರಸ್ತೆಯ ಆಸುಪಾಸಿನಲ್ಲಿಯೋ ಹುಬ್ಬಳ್ಳಿಯ ಪೇಟೆಯಲ್ಲಿಯೋ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತ ಯಾವ ರಿಪೇರಿಯವನಾದರೂ ಅವುಗಳನ್ನು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಕೊಡಬಲ್ಲವನಾಗಿದ್ದನು. ಒಂದು ದೇಶ ತನ್ನ ಸಾಮಾನ್ಯ ಪ್ರಜೆಯ ಮುಂಗೈಗೆ ಕೊಟ್ಟ ಇಷ್ಟು ಪ್ರಾಮಾಣಿಕವಾದ ವಸ್ತು ಮತ್ತೊಂದಿಲ್ಲವೆಂದರೆ ಉತ್ಪ್ರೇಕ್ಷೆಯಲ್ಲ.

ಎಚ್‌ಎಂಟಿಯನ್ನೇ ಕಟ್ಟಿಕೊಂಡು ಹೋಗಲು ಇನ್ನೊಂದು ಬಲವಾದ ಕಾರಣವಿತ್ತು, ಅದು ಕಾನೂನು. ವಿದೇಶಿ ವಿನಿಮಯದ ಅಭಾವದ ಆ ದಶಕಗಳಲ್ಲಿ ವಿದೇಶಿ ಗಡಿಯಾರಗಳ ಆಮದು ಬಿಗಿಯಾದ ಪರವಾನಗಿಗೆ ಒಳಪಟ್ಟಿದ್ದರಿಂದ ಅವು ಕಳ್ಳಸಾಗಣೆಯ ಮೆಚ್ಚಿನ ಮಾಲಾದವು: ಚಿಕ್ಕವು, ಹಗುರಾದವು, ಬೆಲೆಯುಳ್ಳವು. 1962ರ ಸುಂಕ ಅಧಿನಿಯಮದ 123ನೆಯ ಕಲಮು ಬಂಗಾರದ ಜೊತೆಗೆ ಕೈಗಡಿಯಾರವನ್ನೂ ಹೆಸರಿಸಿ, ಕಳ್ಳಮಾಲೆಂಬ ಸಕಾರಣ ನಂಬಿಕೆಯಿಂದ ಅದನ್ನು ವಶಪಡಿಸಿಕೊಂಡಾಗ ಅದು ಕಳ್ಳಮಾಲಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಅದನ್ನು ಇಟ್ಟುಕೊಂಡವರ ಮೇಲೆಯೇ ಹೊರಿಸಿತು. ಅಪರಾಧವನ್ನು ಸರಕಾರವೇ ಸಾಬೀತುಪಡಿಸಬೇಕೆಂಬ ಸಾಮಾನ್ಯ ನ್ಯಾಯಕ್ಕೆ ಇದು ಅಪವಾದ. ಅಜ್ಜನ ಕಾಲದ ಸ್ವಿಸ್ ಗಡಿಯಾರ ಕಟ್ಟಿಕೊಂಡು ಹೊರದೇಶಕ್ಕೆ ಹೋದವನು ಮರಳುವಾಗ ಅದು ಅಲ್ಲಿ ಕೊಂಡದ್ದಲ್ಲವೆಂದು ತೋರಿಸಬೇಕಾದೀತೆಂಬ ಕಾರಣಕ್ಕೆ, ಹೊರಡುವಾಗಲೇ ಸುಂಕದ ಅಧಿಕಾರಿಗಳಿಗೆ ಅದನ್ನು ತೋರಿಸಿ, ಗುರುತುಗಳನ್ನು ಬರೆಯಿಸಿ, ರಫ್ತು ಪ್ರಮಾಣಪತ್ರವೆಂಬ ಕಾಗದವನ್ನು ಪಡೆಯುವ ಪದ್ಧತಿ ಇತ್ತು. ಎಚ್‌ಎಂಟಿ ಕಟ್ಟಿಕೊಂಡವನಿಗೆ ಆ ಕಾಗದ ಬೇಕಿರಲಿಲ್ಲ. ಅದರ ಮುಖದ ಮೇಲಿನ ಹೆಸರೇ ಅದರ ಜಾತಕ.

ಹೋಗುವಾಗ ಎಚ್‌ಎಂಟಿ ಇದ್ದ ಮುಂಗೈಯಲ್ಲಿ ಬರುವಾಗ ಸೀಕೋ ಅಥವಾ ಸಿಟಿಜನ್ ಇರುವುದು 1970 ಮತ್ತು 80ರ ದಶಕಗಳ ಸಾಮಾನ್ಯ ದೃಶ್ಯವಾಯಿತು. ಜರ್ಮನಿಗೆ ತರಬೇತಿಗಾಗಿ ಹೋದ ಪುಣೆಯ ಎಂಜಿನಿಯರುಗಳಾಗಲಿ, ಭಟ್ಕಳ, ಉಡುಪಿ, ಮಂಗಳೂರುಗಳಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಕನ್ನಡ ಕರಾವಳಿಯವರಾಗಲಿ, ಕೈ ಅಲ್ಲಾಡಿದಂತೆ ತಾನೇ ಕೀಲಿಯೇರಿಸಿಕೊಳ್ಳುವ ‘ಆಟೊಮ್ಯಾಟಿಕ್’ ಗಡಿಯಾರವನ್ನು ತರುವುದು ಪ್ರಯಾಣದ ಸಾರ್ಥಕತೆಯ ಗುರುತಾಯಿತು, ಮತ್ತು ಅದನ್ನು ಬಂಧುಗಳು ‘ಫಾರಿನ್ ವಾಚು’ ಎಂದು ಕೈಯಿಂದ ಕೈಗೆ ದಾಟಿಸಿ ನೋಡಿದರು. ಹೀಗೆ ಕೆಲವು ದಶಕಗಳ ಕಾಲ ಪ್ರಯಾಣಕ್ಕೆ ಒಯ್ಯುವ ಗಡಿಯಾರದ ಪ್ರಶ್ನೆಗಿಂತ ಪ್ರಯಾಣದಿಂದ ತರುವ ಗಡಿಯಾರದ ಪ್ರಶ್ನೆಯೇ ದೊಡ್ಡದಾಗಿತ್ತು. 1987ರಲ್ಲಿ ಮಾರುಕಟ್ಟೆಗೆ ಬಂದ ಟೈಟನ್, ಬೆಂಗಳೂರಿಗೆ ಹತ್ತಿರದ ಹೊಸೂರಿನಲ್ಲಿ ತಯಾರಿಸಿದ ಕ್ವಾರ್ಟ್ಸ್ ಗಡಿಯಾರಗಳಿಂದ (ಬ್ಯಾಟರಿಯ ಬಲದಲ್ಲಿ ಸ್ಫಟಿಕದ ಕಂಪನವನ್ನು ಎಣಿಸಿ ನಡೆಯುವಂಥವು) ಆ ಹಂಬಲವನ್ನು ಬಹುಮಟ್ಟಿಗೆ ತಣಿಸಿತು. 2001ರ ಹೊತ್ತಿಗೆ ಆಮದಿನ ಪರಿಮಾಣ ನಿರ್ಬಂಧಗಳು ಕೊನೆಗೊಂಡಾಗ ವಿದೇಶಿ ಗಡಿಯಾರ ಲಕ್ಷ್ಮೀ ರಸ್ತೆಯಲ್ಲಿಯೇ ಸಿಗುವಂತಾಯಿತು. ಎಚ್‌ಎಂಟಿಯ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಕಾರ್ಖಾನೆಯ ಜೊತೆಗೆ ಗಡಿಯಾರವನ್ನು ಬಿಚ್ಚಿ ಕೂಡಿಸಬಲ್ಲ ಕೈಗಳೂ ವಿರಳವಾಗುತ್ತಿರುವುದು ಕಾರ್ಖಾನೆ ಮುಚ್ಚಿದ್ದಕ್ಕಿಂತ ದೊಡ್ಡ ನಷ್ಟ, ಏಕೆಂದರೆ ಗಡಿಯಾರಗಳು ಇನ್ನೂ ಮನೆಮನೆಯ ಕಪಾಟುಗಳಲ್ಲಿವೆ ಮತ್ತು ಅವು ನಡೆಯಬಲ್ಲವು.

ಇಪ್ಪತ್ತೊಂದನೆಯ ಶತಮಾನದಲ್ಲಿ ಪೇಠದಿಂದ ಪರದೇಶಕ್ಕೆ ಹೊರಡುವವರಲ್ಲಿ ಸಾಫ್ಟ್‌ವೇರ್ ಉದ್ಯೋಗಿಗಳಷ್ಟೇ ಅವರ ವಯಸ್ಸಾದ ತಂದೆತಾಯಿಗಳೂ ಇದ್ದಾರೆ. ಅಮೆರಿಕದಲ್ಲಿ ಮಕ್ಕಳ ಮನೆಯಲ್ಲಿ ಆರು ತಿಂಗಳು ಇದ್ದು ಬರುವುದು ಪುಣೆಯಲ್ಲಿಯೂ ಬೆಂಗಳೂರಿನಲ್ಲಿಯೂ ಸಮಾನವಾಗಿ ಕಾಣುವ ಬದುಕಿನ ಘಟ್ಟ. ವಿಮಾನದಿಂದ ಇಳಿದೊಡನೆ ಮೊಬೈಲು ಫೋನು ಅಲ್ಲಿನ ಸಮಯಕ್ಕೆ ತಾನೇ ಹೊಂದಿಕೊಳ್ಳುವುದರಿಂದ ಮುಂಗೈಯ ಗಡಿಯಾರಕ್ಕೆ ಈಗ ಊರಿನ ಸಮಯವನ್ನು ಕಾಪಾಡುವ ಕೆಲಸ ಉಳಿದಿದೆ. ನ್ಯೂಯಾರ್ಕಿನ ಚಳಿಗಾಲದಲ್ಲಿ ಭಾರತ ಹತ್ತೂವರೆ ಗಂಟೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಮುಂದಿರುತ್ತದೆ. ಔಷಧಿಯ ಹೊತ್ತನ್ನು ಲೆಕ್ಕ ಹಾಕುವುದಕ್ಕೂ, ಊರಿನಲ್ಲಿ ಉಳಿದವರಿಗೆ ನಡುರಾತ್ರಿ ಕರೆ ಹೋಗದಂತೆ ನೋಡಿಕೊಳ್ಳುವುದಕ್ಕೂ ಊರಿನ ಸಮಯ ಕಣ್ಣೆದುರಿಗಿದ್ದರೆ ಅನುಕೂಲ. ದೊಡ್ಡ ಅಂಕಿಗಳ, ಹಗುರಾದ, ತಾರೀಖು ತೋರುವ ಗಡಿಯಾರವೊಂದು ಇದಕ್ಕೆ ಸಾಕು. ತೀರ ಬೆಲೆಬಾಳುವುದನ್ನು ಒಯ್ಯುವವರು ಹೊರಡುವಾಗ ವಿಮಾನ ನಿಲ್ದಾಣದಲ್ಲಿ ರಫ್ತು ಪ್ರಮಾಣಪತ್ರ ಪಡೆದುಕೊಳ್ಳುವುದು ಇಂದಿಗೂ ವಿವೇಕ, ಏಕೆಂದರೆ 123ನೆಯ ಕಲಮಿನಲ್ಲಿ ಬಂಗಾರದ ಪಕ್ಕದಲ್ಲಿ ಕೈಗಡಿಯಾರದ ಹೆಸರು ಹಾಗೆಯೇ ಇದೆ.

ಪಂಚಾಂಗವೂ ಈ ಪ್ರಯಾಣದಲ್ಲಿ ಹಿಂದೆ ಬೀಳಲಿಲ್ಲ. ತಿಥಿಯೆಂದರೆ ಚಂದ್ರ ಸೂರ್ಯರ ನಡುವಣ ಅಂತರದ ಹನ್ನೆರಡು ಅಂಶಗಳ ಒಂದು ಭಾಗ. ಅದು ಮುಗಿಯುವ ಕ್ಷಣ ಇಡೀ ಭೂಮಿಗೆ ಒಂದೇ ಆದರೂ ಸೂರ್ಯೋದಯದ ಹೊತ್ತಿಗೆ ಯಾವ ತಿಥಿಯಿದೆಯೆಂಬುದು ಊರಿನಿಂದ ಊರಿಗೆ ಬದಲಾಗುವುದರಿಂದ, ಪುಣೆಯಲ್ಲಿ ಬುಧವಾರ ಬೀಳುವ ಏಕಾದಶಿ ಕ್ಯಾಲಿಫೋರ್ನಿಯಾದಲ್ಲಿ ಮಂಗಳವಾರ ಬೀಳಬಹುದು. ಉತ್ತರ ಅಮೆರಿಕದ ಮಾಧ್ವ ಕುಟುಂಬಗಳು ಅಲ್ಲಿನ ನಗರಗಳಿಗೆಂದೇ ಗಣಿಸಿದ ಪಂಚಾಂಗವನ್ನು ಬಳಸುತ್ತವೆ. ಆ ಪಂಚಾಂಗದ ಗಣಿತದಲ್ಲಿ ದೇಶಾಂತರ ಸಂಸ್ಕಾರ ಈಗ ಪಳಗಳಲ್ಲಿಲ್ಲ, ಗಂಟೆ ನಿಮಿಷಗಳಲ್ಲಿದೆ; ಅಳತೆಯ ರೇಖೆ ಉಜ್ಜಯಿನಿಯಿಂದ ಗ್ರಿನಿಚ್ಚಿಗೆ ಸರಿದಿದೆ, ವಿಧಾನ ಮಾತ್ರ ಹಳೆಯದೇ ಆಗಿದೆ.